ಇಟಲಿ ಖಾನಾವಳಿಯ ಕೆಂಪು ಶಾವಿಗೆ

“ಬಹಳ ವರ್ಷಗಳ ಹಿಂದೆ ಇಟಲಿ ದೇಶದ ಸಾಹೇಬನೊಬ್ಬನು ಗೋಳಗುಮ್ಮಟ ನೋಡಲು ಬಂದು, ಈ ಕೆರೆಯ ದಂಡೆಯ ಮೇಲೆ ಅಜ್ಜಿಯೊಬ್ಬಳು ನಡೆಸುತ್ತಿದ್ದ ಖಾನಾವಳಿಯಲ್ಲಿ ಊಟಕ್ಕೆ ಕುಳಿತನು. ಅಜ್ಜಿಯ ಖಾರಕ್ಕೆ ಅವನ ಕಣ್ಣಲ್ಲಿ ಧಾರೆಧಾರೆಯಾಗಿ ನೀರು ಬಂದಿತು. ಉರಿಯನ್ನು ತಾಳಲಾರದೆ ಅವನು ಕೆರೆಗೆ ಹಾರಿದನು. ಅಂದಿನಿಂದ ಅದಕ್ಕೆ ಇಟಲಿ ಖಾನಾವಳಿ ಎಂದು ಹೆಸರಾಯಿತು.”

ಈ ವೃತ್ತಾಂತದಲ್ಲಿ ಕೆರೆಯೊಂದನ್ನು ಬಿಟ್ಟು ಉಳಿದುದನ್ನು ನಾನು ಒಪ್ಪುವುದಿಲ್ಲ. ಬಂದವನು ಸಾಹೇಬನಲ್ಲ, ಹೆಂಗಸು. ಅಜ್ಜಿ ಎನಿಸಿಕೊಂಡವಳು ನನ್ನ ಚಿಗವ್ವ, ತಾಯಿಯ ತಂಗಿ ಗಂಗವ್ವ. ಆಗಿನ ಕಾಲಕ್ಕೆ ಅವಳ ತಲೆಯಲ್ಲಿ ಬಿಳಿ ಕೂದಲು ಹುಡುಕಲು ಹೋದವನು ಬರಿಗೈಯಲ್ಲಿ ಮರಳಬೇಕಾಗಿತ್ತು. ಕಣ್ಣೀರು ಬಂದದ್ದು ಹೌದು, ಆದರೆ ಖಾರಕ್ಕಲ್ಲ. ಕೆರೆಗೆ ಒಬ್ಬ ಇಳಿದದ್ದೂ ಹೌದು, ಆದರೆ ಅವನಿಗೂ ಇಟಲಿಗೂ ಇದ್ದ ಸಂಬಂಧ ನನಗೂ ಚಂದ್ರಲೋಕಕ್ಕೂ ಇರುವ ಸಂಬಂಧಕ್ಕಿಂತ ಹತ್ತಿರದ್ದೇನಲ್ಲ.

ಇದನ್ನು ನಾನು ಓದಿದ್ದು ಮೊನ್ನೆ ಮೊನ್ನೆ, ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯ ಆ ಕೆರೆಯ ದಂಡೆಯಲ್ಲಿಯೇ ಹೊಸದಾಗಿ ತೆರೆದ ಇಟಾಲಿಯನ್ ಹೋಟೆಲಿನಲ್ಲಿ. ಮೊಮ್ಮಗಳು ತನ್ನ ಮೊದಲ ಪಗಾರದ ಸಂತೋಷಕ್ಕೆ ಕರೆದುಕೊಂಡು ಹೋಗಿದ್ದಳು. ಗಾಜಿನ ಗೋಡೆ, ಅದರಾಚೆ ನೀರು, ನೀರಂಚಿನಲ್ಲಿ ಒಂಟಿ ಕಾಲಿನ ಬೆಳ್ಳಕ್ಕಿ. ಶುದ್ಧ ಶಾಕಾಹಾರಿ ಎಂದು ಬಾಗಿಲಲ್ಲೇ ಬರೆದಿತ್ತು. ಅಲ್ಲಿ ತಂದುಕೊಡುವವರಿಗೂ ಅವಸರವಿಲ್ಲ, ತಿನ್ನುವವರಿಗೂ ಅವಸರವಿಲ್ಲ. ಆ ಬಿಡುವಿನಲ್ಲಿ ನಾನು ತಿಂಡಿಗಳ ಹೆಸರಿನ ಕಾರ್ಡನ್ನು ಓದಿ ಮುಗಿಸಿ, ಅದರ ಬೆನ್ನಿನ ಮೇಲೆ ಅಚ್ಚಾದ ಈ ಕಥೆಗೆ ಬಂದೆ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನಿಗೆ ಇದೊಂದು ಚಟ: ಅಚ್ಚಾದದ್ದು ಏನು ಸಿಕ್ಕರೂ ಓದುವುದು, ಓದಿದ ಮೇಲೆ ನಂಬದಿರುವುದು.

ವ್ಯವಸ್ಥಾಪಕನನ್ನು ಕರೆದು, “ತಮ್ಮಾ, ಇದು ತಪ್ಪೈತಿ” ಎಂದೆ.

“ಯಾವುದ್ರಿ ಅಜ್ಜಾರ? ಉಪ್ಪು ಹೆಚ್ಚಾಗೇತೇನ್ರಿ?”

“ಉಪ್ಪಲ್ಲೋ, ಕಥಿ.”

“ಕಥಿ ನಾವು ಮಾಡಿಲ್ರಿ. ಅದು ಪ್ರಿಂಟ್ ಆಗಿ ಬಂದೇತಿ.”

ಮೊಮ್ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು. “ಅಜ್ಜಾ, ಆರತೈತಿ, ತಿನ್ನು” ಎಂದಳು. ತಿಂದೆ. ತಿಂದದ್ದು ಇಳಿಯಿತು, ಕಥೆ ಮಾತ್ರ ಇಳಿಯಲಿಲ್ಲ. ಆದ್ದರಿಂದ ಈ ಬರಹ.

ಎಪ್ಪತ್ತರ ದಶಕದಲ್ಲಿ ಆ ದಂಡೆಯ ಮೇಲೆ ಗಾಜಿರಲಿಲ್ಲ. ಒಂದು ಬೇವಿನ ಗಿಡ, ಅದರ ಕೆಳಗೆ ತಗಡಿನ ಚಪ್ಪರ, ಚಪ್ಪರಕ್ಕೆ ಅಂಟಿಕೊಂಡ ಎರಡು ಅಂಕಣದ ಮನೆ. ಅದು ಚಿಗವ್ವನ ಖಾನಾವಳಿ. ಗಂಡನನ್ನು ಕಳೆದುಕೊಂಡು, ಸಾರವಾಡದ ಮನೆಯಿಂದ ಮಗಳು ಶಾಂತಳನ್ನು ಕಟ್ಟಿಕೊಂಡು ಬಂದವಳು ಅಲ್ಲಿ ಒಲೆ ಹೂಡಿದ್ದಳು. ತಿಕೋಟಾದ ಕಡೆಗೆ ಆಗಷ್ಟೇ ದ್ರಾಕ್ಷಿ ಪಡಗಳು, ಎಂದರೆ ತೋಟಗಳು, ಏಳುತ್ತಿದ್ದ ಕಾಲ. ಕೆರೆಯ ಹೂಳನ್ನು ಪಡಕ್ಕೆ ಹಾಕಲು ಚಕ್ಕಡಿ, ಟ್ರ್ಯಾಕ್ಟರು ಕಟ್ಟಿಕೊಂಡು ಬರುವ ರೈತರೇ ಅವಳ ಗಿರಾಕಿಗಳು. ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಇವು ಪ್ರತಿದಿನ. ಅಮಾವಾಸ್ಯೆಗೆ ಹೋಳಿಗೆ.

ನಾನು ಹೊಲಿಗೆ ಯಂತ್ರ ದುರಸ್ತಿ ಮಾಡುವವನು. ಸೈಕಲ್ಲಿಗೆ ಹತ್ಯಾರದ ಚೀಲ ಕಟ್ಟಿಕೊಂಡು ಒಂದು ವಾರ ಬಬಲೇಶ್ವರದ ಕಡೆ, ಒಂದು ವಾರ ತಿಕೋಟಾದ ಕಡೆ ತಿರುಗುತ್ತಿದ್ದೆ. ಸಿಂಪಿಗರು ಹೊಲಿಯುತ್ತಿರುವಾಗ ಬಾಯಿಗೆ ವಿಶ್ರಾಂತಿ ಇರುವುದಿಲ್ಲ. ಸುತ್ತಲಿನ ಹಳ್ಳಿಗಳ ಸುದ್ದಿಯೆಲ್ಲ ಅವರ ಸೂಜಿಯ ಕೆಳಗೆ ಹಾದೇ ಮುಂದೆ ಹೋಗಬೇಕು. ಒಂದೇ ಜಗಳವನ್ನು ನಾಲ್ಕು ಊರಿನಲ್ಲಿ ನಾಲ್ಕು ಬಗೆಯಾಗಿ ಕೇಳಿ, ಯಾವುದನ್ನೂ ನಂಬಬಾರದೆಂಬ ವಿದ್ಯೆಯನ್ನು ನಾನು ಕಲಿತದ್ದು ಅಲ್ಲಿಯೇ. ಆ ದಾರಿಯಲ್ಲಿ ಹೋದಾಗಲೆಲ್ಲ ಚಿಗವ್ವನ ಚಪ್ಪರದ ಕೆಳಗೆ ನನ್ನ ಸೈಕಲ್ಲು ತಾನಾಗಿಯೇ ನಿಲ್ಲುತ್ತಿತ್ತು.

ಇಲ್ಲಿ ಒಂದು ಮಾತನ್ನು ವಿವರಿಸಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯದು. ನಮ್ಮ ಒಕ್ಕಲು ಮನೆತನಗಳಲ್ಲಿ ಅನ್ನವನ್ನು ನೀಡಬಹುದು, ಮಾರಬಾರದು. ಹಸಿದು ಬಂದವನಿಗೆ ರೊಟ್ಟಿ ಕೊಟ್ಟು ಬದಲಿಗೆ ಏನನ್ನಾದರೂ ಪಡೆಯುವುದನ್ನು ಹಿರಿಯರು ನೀರು ಮಾರಿದಷ್ಟೇ ಹೀನವಾಗಿ ಕಾಣುತ್ತಿದ್ದರು. ಹಾಗೆ ಕಾಣುವ ಹಿರಿಯರೇ ಪೇಟೆಗೆ ಬಂದಾಗ ಚಿಗವ್ವನಲ್ಲಿ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದರು ಎಂಬುದು ಬೇರೆ ಮಾತು. ಉಂಡು ಕೈ ತೊಳೆದವರು “ಕೈ ಭಾಳ ರುಚಿ ಐತಿ ಗಂಗವ್ವ ನಿಂದು” ಎನ್ನುವರು. ಅವಳ ಮಗಳ ಮಾತು ಬಂದರೆ “ಅನ್ನ ಮಾರೋ ಮನಿ” ಎನ್ನುವರು. ಶಾಂತಳನ್ನು ನೋಡಲು ಅದುವರೆಗೆ ಎರಡು ಮನೆಯವರು ಬಂದು ಹೋಗಿದ್ದರು. ಎರಡೂ ಸಲ ಚಹಾ ಕುಡಿದರು, ಸಿಹಿ ಮುಟ್ಟಲಿಲ್ಲ.

ಸಿಹಿಯ ಸಂಗತಿಯೂ ಹೇಳಬೇಕಾದದ್ದೇ. ಕನ್ಯೆ ನೋಡಲು ಬಂದವರು ನಮ್ಮಲ್ಲಿ ಬಾಯಿಬಿಟ್ಟು ‘ಆಗಲಿ’ ಎನ್ನುವುದಿಲ್ಲ, ‘ಬೇಡ’ ಎಂದು ಹೇಳುವುದಂತೂ ಇಲ್ಲವೇ ಇಲ್ಲ. ಮುಂದಿಟ್ಟ ಸಿಹಿಯನ್ನು ಉಂಡರೆ ಸಂಬಂಧ ಕೂಡಿತು. ಮುಟ್ಟದೆ ಎದ್ದರೆ ಮುರಿಯಿತು. ಹಾಗೆಯೇ ಹೆಣ್ಣಿನ ಕಡೆಯವರು ಸಿಹಿಯನ್ನೇ ಇಡದಿದ್ದರೆ ‘ನಮಗೆ ನೀವು ಬೇಡ’ ಎಂದು ಹೇಳಿದಂತೆ. ಒಂದು ತಾಟಿನಲ್ಲಿ ಇಷ್ಟು ಮಾತು ಅಡಗಿರುತ್ತದೆ. ಅದರಲ್ಲಿಯೂ ಶಾವಿಗೆಗೆ ಹೆಚ್ಚಿನ ಬೆಲೆ, ಏಕೆಂದರೆ ಅದರ ಎಳೆ ನೋಡಿ ಹುಡುಗಿಯ ಕೈ ಎಂಥದೆಂದು ಹಿರಿಯರು ತೀರ್ಪು ಕೊಡುತ್ತಿದ್ದರು.

ನಾನು ಹುಡುಗನಾಗಿದ್ದಾಗ ಸಾರವಾಡದಲ್ಲಿ ಬೇಸಿಗೆ ಬಂತೆಂದರೆ ಓಣಿಗೆ ಓಣಿಯೇ ಶಾವಿಗೆ ಹೊಸೆಯುತ್ತಿತ್ತು. ಹೊರಸು ಬೋರಲು ಹಾಕಿ, ಅದರ ಕಾಲಿನಿಂದ ಕಾಲಿಗೆ ಕೋಲು ಇಟ್ಟು, ಕೋಲಿನ ಮೇಲೆ ಹಸಿ ಎಳೆಗಳನ್ನು ಇಳಿಬಿಡುವರು. ಕಾಗೆ ಕಾಯುವ ಕೆಲಸ ನನ್ನದು. ಕಾಗೆಗಿಂತ ಕಾವಲುಗಾರನೇ ಹೆಚ್ಚು ತಿಂದನೆಂದು ವರ್ಷವರ್ಷವೂ ದೂರು ಬರುತ್ತಿತ್ತು. ಅರೆ ಒಣಗಿದ ಹಸಿ ಶಾವಿಗೆ ಹಲ್ಲಿನಡಿ ಕಟಕಟ ಎನ್ನುವ ಸುಖವನ್ನು ಬಲ್ಲವರು ನನ್ನನ್ನು ಕ್ಷಮಿಸುವರು. ಮರುದಿನದ ಹೊಟ್ಟೆನೋವಿನ ವಿಷಯವನ್ನು ಬಲ್ಲವರು ನಗುವರು.

ಇರಲಿ. ಮೂರನೆಯ ಸಂಬಂಧ ಬಂದದ್ದು ಕಳ್ಳಕವಟಗಿಯಿಂದ. ಹುಡುಗ ಬಸವಂತ; ಅವನ ತಂದೆ ಇರಲಿಲ್ಲವಾದ್ದರಿಂದ ಕಾಕಾ ಸಿದರಾಯನ ಮಾತೇ ಕೊನೆಯ ಮಾತು. ಬಸವಂತ ಹೂಳಿಗೆ ಚಕ್ಕಡಿ ತಂದಾಗ ಅಲ್ಲಿ ಉಂಡವನು. ಮದುವೆ ಎಂಬ ಮಾತನ್ನು ಮನೆಯಲ್ಲಿ ತೆಗೆದವನೂ ಅವನೇ ಎಂದು ಸುದ್ದಿ. ಶಾಂತಳಿಗೂ ಮನಸ್ಸಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಹಿಂದಿನ ಎರಡು ಸಲ ಇದ್ದ ಸೀರೆಯನ್ನೇ ಉಟ್ಟವಳು ಈ ಸಲ ಸೀರೆಯ ಬಗ್ಗೆ ತಾಯಿಯೊಡನೆ ಜಗಳವಾಡಿದಳು. ಸಾಕ್ಷ್ಯ ಎಂದರೆ ಇದು.

ಸಿದರಾಯ ಕಾಕಾ ಒಂದು ಕರಾರು ಕಳಿಸಿದ್ದ: “ನಾವು ಬರೋ ದಿನ ಖಾನಾವಳಿ ಬಂದ್ ಇರಬೇಕು. ಗಿರಾಕಿ ನಡುವ ಕುಂತು ಕನ್ಯಾ ನೋಡಂಗಿಲ್ಲ.” ಚಿಗವ್ವ ಒಪ್ಪಿ ಚಪ್ಪರದ ಮುಂದೆ ಅಡ್ಡ ಕೋಲು ಕಟ್ಟಿದಳು. ಶಾವಿಗೆ ಇನ್ನಷ್ಟು ಬೇಕಾದೀತೆಂದು, ಕೈಯಿಂದ ತಿರುವುವ ಹಿತ್ತಾಳೆಯ ಶಾವಿಗೆ ಯಂತ್ರವನ್ನು ಸರಿಮಾಡಲು ನನ್ನನ್ನು ಕರೆಸಿದ್ದಳು. ಹೊಲಿಗೆ ಯಂತ್ರ ಬಲ್ಲವನಿಗೆ ಇದೇನು ಮಹಾ ಎಂದು ಬಿಚ್ಚಿದೆ. ಬಿಚ್ಚುವುದು ಸುಲಭವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಚಾಪೆಯ ಮೇಲೆ ಹರಡಿಕೊಂಡು, ಯಾವ ತುಂಡೂ ಇನ್ನೊಂದರ ಗುರುತು ಹಿಡಿಯದ ಸ್ಥಿತಿಯಲ್ಲಿತ್ತು.

“ಯಣ್ಣಾ, ಅದನ್ನ ಹಂಗ ಬಿಡು. ನೋಡಾಕ ಬಂದವರು ನಿನ್ನ ನೋಡಿ ಓಡ್ಯಾರು” ಎಂದಳು ಶಾಂತಾ. ಹೀಗಾಗಿ ಮನೆಯಲ್ಲಿದ್ದದ್ದು ಅವಳು ಮೊದಲೇ ಮಣೆಯ ಮೇಲೆ ಕೈಯಿಂದ ಹೊಸೆದು ಒಣಗಿಸಿದ ಒಂದು ಬುಟ್ಟಿ ಶಾವಿಗೆ ಅಷ್ಟೇ.

ಆಗ ಬಂದವನು ರಾಚಪ್ಪ. ಗೋಳಗುಮ್ಮಟದಲ್ಲಿ ಪ್ರವಾಸಿಗರಿಗೆ ವಿವರಣೆ ಹೇಳುವವನು. ಆದಿಲಶಾಹಿ ಬಾದಶಹರ ಅಡಿಗೆಮನೆಯ ಗುಟ್ಟುಗಳನ್ನು ಸಹ ಕಣ್ಣಾರೆ ಕಂಡಂತೆ ಹೇಳಬಲ್ಲ ಪಂಡಿತ. ಅವನ ಹಿಂದೆ ಜೋಳದ ದಂಟಿನಷ್ಟು ಉದ್ದನೆಯ, ಖಾದಿ ಜುಬ್ಬದ ಒಬ್ಬ ಬಿಳಿ ಹೆಂಗಸು.

“ಗಂಗಕ್ಕಾ, ಇವರು ಲುಚಿಯಾ ಬಾಯಾರು, ಇಟಲಿಯವರು. ಗುಮ್ಮಟದ ಚಿತ್ರ ತಗಿಯಾಕ ಬಂದಾರ. ತತ್ತಿ ಸೈತ ಮುಟ್ಟೂದಿಲ್ಲ. ಊರಾಗ ಎಲ್ಲೂ ಹೊಂದವಲ್ತು. ಎರಡು ರೊಟ್ಟಿ ಕೊಟ್ಟುಬಿಡು.”

“ಕೋಲು ಕಟ್ಟೇನಿ, ಕಾಣವಲ್ತೇನೋ ನಿನಗ?”

“ಕೋಲು ಕಾಣಸ್ತು. ಹಸಿವು ಅದಕ್ಕಿಂತ ದೊಡ್ಡದು ಕಾಣಸ್ತು.”

ಚಿಗವ್ವ ಆ ಹೆಂಗಸಿನ ಮುಖ ನೋಡಿದಳು. ಹಸಿದವರ ಮುಖವನ್ನು ಓದುವುದೇ ಅವಳ ಕಸುಬು. “ಬಾ ಲಚ್ಚವ್ವ, ಕೈಕಾಲು ತೊಳ್ಕೊ” ಎಂದು ಕೋಲಿನ ಕೆಳಗೆ ಬಗ್ಗಿಸಿ ಒಳಗೆ ಕರೆದು, ಒಲೆಯ ಬಳಿಯೇ ಕೂಡ್ರಿಸಿದಳು. ಬೇಗ ಉಣಿಸಿ ಬೇಗ ಕಳಿಸಿಬಿಡುವುದು ಅವಳ ಯೋಜನೆ.

ಯೋಜನೆ ಕೆಟ್ಟದ್ದು ರಾಚಪ್ಪನ ವಿದ್ಯೆಯಿಂದ. ಅವನು ಲುಚಿಯಾಗೆ ಒಂದೇ ಒಂದು ಕನ್ನಡ ಮಾತು ಕಲಿಸಿದ್ದ: “ಛಲೋ ಐತಿ.” ಗುಮ್ಮಟ ನೋಡಿದರೂ ಅದೇ, ಚಹಾ ಕುಡಿದರೂ ಅದೇ. ಅವಳು ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿ ಬಾಯಿಗಿಟ್ಟು, “ಛಲೋ ಐತಿ” ಎಂದಳು. ನಮ್ಮಲ್ಲಿ ಉಣ್ಣುವವರು ಹಾಗೆಂದರೆ ನೀಡುವವರ ಕೈ ಸುಮ್ಮನಿರಬಾರದು. ಇನ್ನೊಂದು ರೊಟ್ಟಿ ಬಿತ್ತು. ತಾಟಿನಲ್ಲಿ ಏನನ್ನೂ ಉಳಿಸಬಾರದೆಂದು ಅವಳ ದೇಶದ ಸಂಪ್ರದಾಯವಿದ್ದಿರಬೇಕು. ಬರಿದಾದ ತಾಟನ್ನು ಬರಿದಾಗಿಯೇ ಬಿಡಬಾರದೆಂದು ನಮ್ಮದು. ಅವಳು ಬರಿದು ಮಾಡುವಳು, ಇವಳು ತುಂಬುವಳು. ಹಸಿ ಮೆಣಸಿನಕಾಯಿಯನ್ನು ಕಟ್ಟನೆ ಕಚ್ಚಿ, ಹಿಂಡಿ ಹಚ್ಚಿಕೊಂಡು, “ಛಲೋ ಐತಿ” ಎಂದಳು. ಕಣ್ಣಲ್ಲಿ ಒಂದು ಹನಿ ಇಲ್ಲ. ಖಾರಕ್ಕೆ ಅತ್ತವಳೆಂದು ಅಚ್ಚು ಹಾಕಿಸಿದವರು ಇದನ್ನು ಗಮನಿಸಬೇಕು.

“ಲೇ ರಾಚ್ಯಾ, ಸಾಕು ಅನ್ನೂದು ಕಲಿಸಿಲ್ಲೇನೋ ಈಕಿಗೆ?” ಎಂದಳು ಚಿಗವ್ವ. ಬೆವರುತ್ತಿದ್ದವಳು ನೀಡುವವಳೇ ಹೊರತು ಉಣ್ಣುವವಳಲ್ಲ.

“ಆ ಪಾಠ ಇನ್ನಾ ಬಂದಿಲ್ಲಕ್ಕಾ” ಎಂದ ರಾಚಪ್ಪ.

ಅಷ್ಟರಲ್ಲಿ ದೂರದಲ್ಲಿ ಟ್ರ್ಯಾಕ್ಟರಿನ ಸದ್ದು. ರಾಚಪ್ಪ ಏರಿಯ ಕಡೆ ಕಣ್ಣು ಕಿರಿದು ಮಾಡಿ ನೋಡಿ, “ಯಾರಕ್ಕಾ ಬರಾಕತ್ತವರು?” ಎಂದ.

“ಕಳ್ಳಕವಟಗಿ ಸಿದರಾಯಪ್ಪಾರು. ಶಾಂತಾನ್ನ ನೋಡಾಕ.”

ರಾಚಪ್ಪನ ಮುಖದ ಬಣ್ಣ ಇಳಿಯಿತು. ಆ ಹಿಂದೆ ಸಿದರಾಯ ಕಾಕಾ ಸಂಸಾರಸಮೇತ ಗೋಳಗುಮ್ಮಟ ನೋಡಲು ಬಂದಿದ್ದನಂತೆ. ಪಿಸುಮಾತನ್ನು ಆಚೆ ಬದಿಗೆ ಮುಟ್ಟಿಸುವ ಆ ಮೇಲಿನ ಸುತ್ತುಗಟ್ಟೆಯಲ್ಲಿ ರಾಚಪ್ಪ ಗಂಡನನ್ನು ಈ ಕಡೆ, ಹೆಂಡತಿಯನ್ನು ಆ ಕಡೆ ನಿಲ್ಲಿಸಿ, “ಏನಾರ ಮಾತಾಡ್ರಿ” ಎಂದಿದ್ದ. ಗುಮ್ಮಟದ ಗುಣ ತಿಳಿಯದ ಕಾಕಾ ತನ್ನಷ್ಟಕ್ಕೆ ಅತ್ತೆಯ ಬಗ್ಗೆ ಏನೋ ಗೊಣಗಿದ. ಗುಮ್ಮಟ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿತು. ಅಂದಿನಿಂದ ಕಾಕಾ ಈ ಪಂಡಿತನನ್ನು ಹುಡುಕುತ್ತಿದ್ದ.

“ನಿನ್ನ ನೋಡಿದ್ರ ಈಕಿ ನೀ ಕರಕೊಂಡು ಬಂದ ಗಿರಾಕಿ ಅನ್ನೂದು ಅವರಿಗೆ ಗೊತ್ತಾಗತೈತಿ. ಎಲ್ಲೆರ ಮರಿಯಾಗೋ ಮಾರಾಯಾ” ಎಂದಳು ಚಿಗವ್ವ. ಒಳಗೆ ಶಾಂತಾ ಸೀರೆ ಉಡಬೇಕಾಗಿತ್ತು; ಹೊರಗೆ ಮರೆಯಾಗಲು ಇದ್ದದ್ದು ಒಂದು ಬೇವಿನ ಗಿಡ. ರಾಚಪ್ಪ ಅದಕ್ಕಿಂತ ದಪ್ಪ. ಅವನು ಅಂಗಿ ಬಿಚ್ಚಿ ನನ್ನ ಸೈಕಲ್ಲಿನ ಮೇಲೆ ಎಸೆದು, ಕೆರೆಗೆ ಇಳಿದು, ಕುತ್ತಿಗೆಯವರೆಗೆ ನೀರಿನಲ್ಲಿ ಕುಳಿತ. ಕೆರೆಗೆ ಹಾರಿದವನು ಈತ. ಉರಿಗೆ ಅಲ್ಲ, ಸಿದರಾಯ ಕಾಕಾನಿಗೆ ಹೆದರಿ.

ಎರಡೂ ಕಡೆಯವರ ಭಾಷೆಯನ್ನು ಬಲ್ಲವನು ನೀರಿಗಿಳಿದ ಮೇಲೆ ಲುಚಿಯಾಗೆ ಏನು ನಡೆಯುತ್ತಿದೆಯೆಂದು ತಿಳಿಸುವವರು ಉಳಿಯಲಿಲ್ಲ. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಶಾಂತಾ ಇದ್ದ ಶಾವಿಗೆಯನ್ನೆಲ್ಲ ಅದಕ್ಕೆ ಹಾಕಿದಳು. ಬೆಂದ ಮೇಲೆ ಬಸಿದು, ಸಕ್ಕರೆ, ತುಪ್ಪ, ಹಾಲು ಹಾಕಿ ನೀಡಬೇಕು. ಶಾಂತಳಿಗೆ ಸೀರೆ ಉಡಿಸಲು ಚಿಗವ್ವ ಅವಳನ್ನು ಒಳಕೋಣೆಗೆ ಎಳೆದುಕೊಂಡು ಹೋಗುವಾಗ, ಒಲೆಯ ಬಳಿ ಕುಳಿತಿದ್ದ ಲುಚಿಯಾಗೆ ಪಾತ್ರೆಯ ಕಡೆ ಕೈ ಮಾಡಿ, “ಇದರ ಕಡೆ ಸ್ವಲ್ಪ ಲಕ್ಷ್ಯ ಇರ್ಲಿ ಲಚ್ಚವ್ವ” ಎಂದಳು. ಒಲೆ ಮುಂದೆ ಕುಳಿತ ಯಾವ ಹೆಂಗಸಿಗಾದರೂ ಇನ್ನೊಬ್ಬ ಹೆಂಗಸು ಹೇಳುವ ಮಾತು ಅದು. ಉಕ್ಕಿದರೆ ಇಳಿಸು ಎಂಬುದು ಅದರ ಅರ್ಥ. ಲುಚಿಯಾ ಮಾಡಿಕೊಂಡ ಅರ್ಥ, ‘ಇನ್ನು ಮುಂದಿನದು ನಿನ್ನದು’ ಎಂದು. ಅದೂ ಪಾತ್ರೆಯಲ್ಲಿದ್ದದ್ದು ಅವಳ ದೇಶದಲ್ಲಿ ದಿನವೂ ಉಣ್ಣುವಂಥ ಗೋಧಿಯ ಎಳೆ. ಪಕ್ಕದ ಬುಟ್ಟಿಯಲ್ಲಿ ಕೆಂಪು ಟೊಮೆಟೊ, ಬಳ್ಳೊಳ್ಳಿ, ಎಣ್ಣೆಯ ಗಿಂಡಿ. ಹೊಟ್ಟೆ ತುಂಬ ಉಂಡ ಋಣವನ್ನು ಕೈಯಾರೆ ತೀರಿಸಲು ಇಂಥ ಅವಕಾಶ ಇನ್ನೆಲ್ಲಿ ಸಿಕ್ಕೀತು?

ನಾನು ಹೊರಗೆ ಬಂದವರನ್ನು ಎದುರುಗೊಳ್ಳುತ್ತಿದ್ದೆ. ಸಿದರಾಯ ಕಾಕಾ, ಮಾತಾಡದ ಇಬ್ಬರು ಹಿರಿಯರು, ಅವರ ಹಿಂದೆ ತಲೆ ತಗ್ಗಿಸಿದ ಬಸವಂತ. ಹಾಸಿದ್ದ ಗುಂಗಡಿಯ ಮೇಲೆ ಕುಳಿತ ಕಾಕಾ ಮೊದಲು ಕೆರೆಯನ್ನೇ ನೋಡಿದ.

“ನೀರಾಗ ಯಾರದು ತಲಿ?”

“ಎಮ್ಮಿ ತೊಳಿಯಾಂವ್ರಿ” ಎಂದೆ.

“ಎಮ್ಮಿ ಎಲ್ಲಿ?”

“ಮುಳುಗೇತ್ರಿ.”

ಕಾಕಾ ನನ್ನನ್ನು ಎರಡು ಸಲ ನೋಡಿದ. ಅಷ್ಟರಲ್ಲಿ ಒಳಗಿನಿಂದ ಒಗ್ಗರಣೆಯ ಚೊಯ್ ಎಂಬ ಸದ್ದು; ಬಾಗಿಲಲ್ಲಿ ಬಿಳಿ ಮುಖವೊಂದು ಇಣುಕಿ ಎಲ್ಲರಿಗೂ ನಕ್ಕು ಒಳಗೆ ಹೋಯಿತು.

“ಖಾನಾವಳಿ ಬಂದ್ ಅಂದಿದ್ರಿ” ಎಂದ ಕಾಕಾ. ದನಿಯಲ್ಲಿ ಏರಿಳಿತವಿಲ್ಲ. “ಈ ಗಿರಾಕಿ ಯಾರು?”

ಚಿಗವ್ವ ಬಾಗಿಲಿಗೆ ಬಂದು ನಿಂತವಳು ಸೆರಗಿನ ತುದಿಯನ್ನು ತಿರುವತೊಡಗಿದಳು. ಸುಳ್ಳು ಅವಳಿಗೆ ಬರುತ್ತಿರಲಿಲ್ಲ. ನಿಜ ಹೇಳಿದರೆ ಟ್ರ್ಯಾಕ್ಟರು ತಿರುಗುತ್ತಿತ್ತು. ಹೊಸ ಸೀರೆ ಉಟ್ಟು ಅವಳ ಹಿಂದೆ ನಿಂತಿದ್ದ ಶಾಂತಾ, ತಲೆ ಎತ್ತದೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು: “ಗಿರಾಕಿ ಆಗಿದ್ರ ಚಪ್ಪರದಾಗ ಕುಂಡ್ರತಿದ್ಲುರಿ, ಒಲಿ ಮುಂದ ಯಾಕ ಕುಂಡ್ರತಿದ್ಲು? ಒಲಿ ಮುಟ್ಟಿದವರು ಮನಿಯವರಲ್ಲೇನ್ರಿ?”

ಕಾಕಾ ಮೀಸೆಯ ಮೇಲೆ ಕೈಯಾಡಿಸಿದ. ಮಾತಾಡದ ಹಿರಿಯರಲ್ಲಿ ಒಬ್ಬ ಮೊದಲ ಸಲ ಬಾಯಿಬಿಟ್ಟು, “ಖರೇ ಐತಲ್ಲಪಾ” ಎಂದ. ಒಂದು ಗಂಡಾಂತರ ದಾಟಿತೆಂದು ನಾನು ಉಸಿರು ಬಿಟ್ಟೆ.

ನೀಡಲು ತಾಟುಗಳು ಸಿದ್ಧವಾದವು. ಪ್ರತಿಯೊಬ್ಬರ ಮುಂದೆ ಸಕ್ಕರೆಯ ಬಟ್ಟಲು, ತುಪ್ಪದ ಗಿಂಡಿ, ಕಾಸಿದ ಹಾಲು. ಚಿಗವ್ವ ಒಳಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದಳು. ತೆಗೆದವಳು ಅಲ್ಲಿಯೇ ನಿಂತಳು. ಬಿಳಿ ಶಾವಿಗೆ ಇರಬೇಕಾದಲ್ಲಿ ರಕ್ತವರ್ಣದ ಶಾವಿಗೆ. ಬಳ್ಳೊಳ್ಳಿಯ ಘಮ ಕೆರೆಯವರೆಗೆ ಹೋಗಿ, ನೀರಿನಲ್ಲಿದ್ದ ಹಸಿದ ತಲೆ ಈ ಕಡೆ ತಿರುಗಿತು. ಮನೆಯಲ್ಲಿ ಬೇರೆ ಶಾವಿಗೆ ಒಂದು ಎಳೆಯೂ ಇರಲಿಲ್ಲ. ನನ್ನ ಯಂತ್ರ ಚಾಪೆಯ ಮೇಲೆ ಮಲಗಿತ್ತು.

ಇನ್ನೇನೂ ಮಾಡಲಾಗದೆ ಚಿಗವ್ವ ಅದನ್ನೇ ತಂದು ನೀಡಿದಳು. ಕಾಕಾ ತಾಟನ್ನು ನೋಡಿದ, ಒಂದು ಎಳೆ ಎತ್ತಿ ಮೂಸಿದ, ಇಟ್ಟ.

“ಬಳ್ಳೊಳ್ಳಿ” ಎಂದ.

ಬೆರಳನ್ನು ಧೋತರಕ್ಕೆ ಒರೆಸಿಕೊಂಡ.

“ಕರಿಸಿ, ಸಿಹಿ ಇಲ್ಲದ ತಾಟ ಇಟ್ಟೀರಿ. ಮನಸಿಲ್ಲ ಅಂದ್ರ ಹೇಳಿ ಕಳಿಸಬೇಕಾಗಿತ್ತು, ಗಂಗವ್ವಾರ. ಟ್ರ್ಯಾಕ್ಟರಿನ ಎಣ್ಣಿ ಉಳೀತಿತ್ತು.”

“ಹಂಗಲ್ರಿ ಯಪ್ಪಾ...” ಎಂದಳು ಚಿಗವ್ವ. ಮುಂದೆ ಏನೆಂದು ಹೇಳುವುದು? ಒಳಗಿರುವವಳು ಗಿರಾಕಿ, ಅವಳಿಗೆ ನಮ್ಮ ರೂಢಿ ತಿಳಿಯದು ಎಂದರೆ ಮೊದಲಿನ ಗಂಡಾಂತರ ತಿರುಗಿ ಬರುತ್ತದೆ. ಮನೆಯವಳೆಂದರೆ, ಮನೆಯವರೇ ಬೇಕೆಂದು ಸಿಹಿ ಕೆಡಿಸಿದಂತಾಗುತ್ತದೆ. ಬಾಗಿಲ ಸಂದಿಯಲ್ಲಿ ಶಾಂತಳ ಬಳೆ ಒಂದು ಸಲ ಸದ್ದಾಗಿ ಸುಮ್ಮನಾಯಿತು. ಇದನ್ನೇನೂ ಅರಿಯದ ಲುಚಿಯಾ ಕೈ ಒರೆಸಿಕೊಳ್ಳುತ್ತ ಹೊರಬಂದು, ಎಲ್ಲರ ಮುಖವನ್ನೂ ಆಸೆಯಿಂದ ನೋಡಿ, ತನಗೆ ಬರುವ ಒಂದೇ ಮಾತನ್ನು ಪ್ರಶ್ನೆಯಾಗಿ ಕೇಳಿದಳು: “ಛಲೋ ಐತಿ?”

ಕಾಕಾ ಏಳಲೆಂದು ಮೊಣಕಾಲಿನ ಮೇಲೆ ಕೈ ಊರಿದ.

ಕನ್ಯೆ ನೋಡಲು ಬಂದ ವರ ಮಾತಾಡಬಾರದು. ಅದು ಹಿರಿಯರ ಸಭೆ. ಬಸವಂತ ಆವರೆಗೆ ತಾಟಿನ ಹೊರತು ಏನನ್ನೂ ನೋಡಿರಲಿಲ್ಲ. ಅವನು ಒಂದು ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಬೆಳಕಿಗೆ ಹಿಡಿದು, “ಈ ಎಳಿ ಯಾರ ಕೈಯಿಂದ್ರಿ?” ಎಂದ.

“ನನ್ನ ಕೈಯಿಂದ್ರಿ” ಎಂದಿತು ಬಾಗಿಲ ಸಂದಿ.

ಅವನು ಮೆಚ್ಚಿ ತಲೆದೂಗಿದ. ಸಕ್ಕರೆಯ ಬಟ್ಟಲನ್ನು ಎತ್ತಿ ಬಳ್ಳೊಳ್ಳಿಯ ಶಾವಿಗೆಯ ಮೇಲೆ ಬೋರಲು ಹಾಕಿದ. ತುಪ್ಪ ಸುರಿದ. ಹಾಲು ಹೊಯ್ದ. ಐದೂ ಬೆರಳಿನಿಂದ ಕಲಸಿದ. ಆ ಗುಲಾಬಿ ಬಣ್ಣದ ಪದಾರ್ಥವನ್ನು ನಾನು ಇಂದಿಗೂ ಕಣ್ಣ ಮುಂದೆ ತಂದುಕೊಳ್ಳಬಲ್ಲೆ, ತಂದುಕೊಳ್ಳದಿರಲು ಯತ್ನಿಸುತ್ತೇನೆ. ಬಸವಂತ ಅದನ್ನು ತುತ್ತು ತುತ್ತಾಗಿ, ಮುಖ ಸೊಟ್ಟ ಮಾಡದೆ ತಿನ್ನತೊಡಗಿದ.

“ಬಸ್ಯಾ, ಏನ ತಿನ್ನಾಕತ್ತೀಯೋ?” ಎಂದ ಕಾಕಾ.

“ಸಿಹಿ ತಿನ್ನಾಕತ್ತೇನಿ, ಕಾಕಾ.”

ಊರಿದ ಕೈಯನ್ನು ಕಾಕಾ ತೆಗೆಯಲಿಲ್ಲ, ಏಳಲೂ ಇಲ್ಲ. ಬಸವಂತ ತಾಟು ಬರಿದು ಮಾಡಿ ಮುಂದೆ ಸರಿಸಿ, “ಇನ್ನೊಂದೀಟು ನೀಡ್ರಿ” ಎಂದ. ಚಿಗವ್ವ ಸೌಟು ಹಿಡಿದು ಕಾಕಾನ ಮುಖವನ್ನೇ ನೋಡುತ್ತಿದ್ದಳು. ಶಾಂತಾ ಹೊರಬಂದು ಪಾತ್ರೆ ತೆಗೆದುಕೊಂಡು ನೀಡಿದಳು. ನೀಡಿ, “ಸಕ್ಕರಿ ತರಲೇನ್ರಿ?” ಎಂದು ಕೇಳಿದಳು. ಮಾತಾಡದ ಇಬ್ಬರು ಹಿರಿಯರಿಗೂ ನಗು ತಡೆಯಲಾಗಲಿಲ್ಲ. ಕಾಕಾ ತನ್ನ ಮುಂದಿನ ಬಟ್ಟಲಿನಿಂದ ಒಂದು ಚಿಟಿಕೆ ಸಕ್ಕರೆ ಎತ್ತಿ ಬಾಯಿಗೆ ಹಾಕಿಕೊಂಡ. “ಹುಡುಗ ತಿಂದ ಮ್ಯಾಲ ನಮ್ಮದೇನೈತಿ” ಎಂದ.

ಕಣ್ಣೀರು ಬಂದದ್ದು ಆಗಲೇ. ಚಿಗವ್ವನಿಗೆ ಬಂದದ್ದನ್ನು ಬಿಡಿ, ಅದು ಬರಬೇಕಾದದ್ದು. ಲುಚಿಯಾಳ ಕಣ್ಣಿನಿಂದ ಇಳಿಯುತ್ತಿದ್ದ ಧಾರೆಯ ಕಾರಣ ಬೇರೆ. ತಾನು ಅಷ್ಟು ಪ್ರೀತಿಯಿಂದ ಬಳ್ಳೊಳ್ಳಿ ಹುರಿದು ಮಾಡಿದ ತನ್ನ ತಾಯ್ನಾಡಿನ ಅಡಿಗೆಯ ಮೇಲೆ ಒಬ್ಬ ಮನುಷ್ಯ ಸಕ್ಕರೆ, ತುಪ್ಪ, ಹಾಲು ಸುರಿಯುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಇಟಲಿಯವರನ್ನು ಅಳಿಸಿದ್ದು ನಮ್ಮ ಖಾರವಲ್ಲ, ನಮ್ಮ ಸಕ್ಕರೆ. ಚಿಗವ್ವ ಅದನ್ನು ಸಂತೋಷದ ಅಳು ಎಂದೇ ತಿಳಿದು, ಅವಳನ್ನು ಅಪ್ಪಿಕೊಂಡು, ಅವಳ ಬಾಯಿಗೂ ಒಂದು ಚಮಚ ಸಕ್ಕರೆ ಹಾಕಿದಳು.

ಊಟ ಮುಗಿದು, ಎಲೆ ಅಡಿಕೆಯಾಗಿ, ಮುಹೂರ್ತದ ಮಾತು ಏಳುವಷ್ಟರಲ್ಲಿ ಹೊತ್ತು ಇಳಿದಿತ್ತು. ಟ್ರ್ಯಾಕ್ಟರು ಹೊರಟ ಮೇಲೆ ರಾಚಪ್ಪ ನೀರಿನಿಂದ ಎದ್ದುಬಂದ. ಬೆರಳು ಒಣದ್ರಾಕ್ಷಿಯಾಗಿದ್ದವು. ತಳದಲ್ಲಿ ಉಳಿದಿದ್ದ ಕೆಂಪು ಶಾವಿಗೆಯನ್ನು, ಸಕ್ಕರೆ ಇಲ್ಲದೆ, ಅವನೊಬ್ಬನೇ ರುಚಿಯಿಂದ ತಿಂದ. ಅದನ್ನು ಅವನು ಹೂಳಿನ ಚಕ್ಕಡಿಯವರ ಮುಂದೆ ಹೊಗಳಿದ; ಅವರು ಕೇಳಿ ಮಾಡಿಸಿಕೊಂಡರು; ಚಿಗವ್ವ ಕರಿಬೇವು, ಶೇಂಗಾ ಪುಡಿ ಸೇರಿಸಿ ಅದನ್ನು ನಮ್ಮ ಕಡೆಯದನ್ನಾಗಿ ಮಾಡಿದಳು. ಬಾಗಿಲ ಮೇಲೆ ಇದ್ದಿಲಿನಿಂದ ‘ಇಟಲಿ ಖಾನಾವಳಿ’ ಎಂದು ಬರೆದವನೂ ರಾಚಪ್ಪನೇ. ಹೆಸರಿಗೆ ಕಾರಣ ಕೇಳಿದ ಪ್ರವಾಸಿಗರಿಗೆ ಅವನು ಏನಾದರೂ ಹೇಳಬೇಕಲ್ಲ. ಊಟ ನಡೆದಾಗ ಅವನು ಅಲ್ಲಿರಲೇ ಇಲ್ಲ. ದೂರದಿಂದ ಒಬ್ಬಳು ಅಳುವುದನ್ನು ಕಂಡ. ಕೆರೆಯಲ್ಲಿ ಒಬ್ಬ ಇದ್ದದ್ದನ್ನಂತೂ ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆ ಒಬ್ಬ ತಾನೆಂದು ಹೇಳಲು ನಾಚಿ ಒಬ್ಬ ಸಾಹೇಬನನ್ನು ಹುಟ್ಟಿಸಿದ. ಗುಮ್ಮಟದ ಇತಿಹಾಸವನ್ನೂ ಅವನು ಇದೇ ಪದ್ಧತಿಯಿಂದ ಹೇಳುತ್ತಿದ್ದನೆಂಬುದನ್ನು ಓದುಗರು ನೆನಪಿಡುವುದು ಒಳ್ಳೆಯದು.

ಚಿಗವ್ವ ಈಗಿಲ್ಲ. ಸಿದರಾಯ ಕಾಕಾ, ರಾಚಪ್ಪ ಇಬ್ಬರೂ ಇಲ್ಲ. ಲುಚಿಯಾ ತನ್ನ ದೇಶಕ್ಕೆ ಹೋದವಳು ಏನಾದಳೋ ತಿಳಿಯದು. ಇತರರ ಮಾತನ್ನು ಅನುಮಾನಿಸುವವನು ತನ್ನ ನೆನಪನ್ನೂ ಅನುಮಾನಿಸಬೇಕೆಂಬ ನ್ಯಾಯದಿಂದ ಹೋದ ವಾರ ತಿಕೋಟಾದಲ್ಲಿ ಬಸ್ಸು ಬದಲಿಸಿ ಕಳ್ಳಕವಟಗಿಗೆ ಹೋದೆ. ಬಸವಂತ ದ್ರಾಕ್ಷಿ ಪಡದ ಅಂಚಿನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಕಿವಿ ಸ್ವಲ್ಪ ಮಂದ, ನೆನಪು ಮಂದವಲ್ಲ. ನಾನು ಮೇಲೆ ಬರೆದುದನ್ನೆಲ್ಲ ಓದಿ ಹೇಳಿದೆ. ಎಲ್ಲವನ್ನೂ ಒಪ್ಪಿದ.

“ಹಂಗಾರ ಅದರ ರುಚಿ ಹೆಂಗಿತ್ತು? ಖರೇ ಹೇಳು” ಎಂದೆ.

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಅಣ್ಣಾರ, ವೈರಿಗೂ ಬ್ಯಾಡ್ರಿ ಅದು.”

ದನಿ ತಗ್ಗಿಸಿದ್ದೇನೆಂದು ಅವನು ತಿಳಿದಿದ್ದ. ಕಿವಿ ಮಂದವಾದವರ ಪಿಸುಮಾತು ಓಣಿಯ ತುದಿಗೆ ಕೇಳುತ್ತದೆ. ಒಳಗೆ ಪಾತ್ರೆ ತೊಳೆಯುತ್ತಿದ್ದ ಶಾಂತಾ ಅಲ್ಲಿಂದಲೇ ಕೇಳಿದಳು: “ಹಂಗಿದ್ರ ಇನ್ನೊಂದೀಟು ನೀಡ್ರಿ ಅಂತ ಯಾಕ ಅಂದ್ರಿ?”

ಬಸವಂತ ಗೋಡೆಗೆ ಒರಗಿ, ಪಡದ ಕಡೆ ನೋಡುತ್ತ ಹೇಳಿದ: “ಮೊದಲಿಂದು ಕಾಕಾ ನೋಡ್ಲಿ ಅಂತ ತಿಂದೆ. ಎರಡನೇದು, ನೀಡಾಕ ನೀ ಹೊರಗ ಬರತಿ ಅಂತ.”

ಒಳಗೆ ಪಾತ್ರೆಯ ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, ಮೊದಲಿಗಿಂತ ಮೆಲ್ಲಗೆ, ಮತ್ತೆ ಶುರುವಾಯಿತು. ಇಬ್ಬರೂ ಅಲ್ಲಿಯೇ ಇದ್ದಾರೆ. ನನ್ನನ್ನು ನಂಬದವರು ಹೋಗಿ ಕೇಳಬಹುದು.